ಹೊಸ ಬೇಸ್‌ಬಾಲ್ ತಂಡ, ಹಳೆಯ ಪಾಠಯೋಜನೆ

ಬಿ.ಎಡ್. ಮುಗಿಸಿ ಏಳು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನಾನು ಈಗ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ, ರಾಲಿ ನಗರದ ಸಮೀಪ ವಾಸವಾಗಿದ್ದೇನೆ. ಮಗನಿಗೆ ಒಂಬತ್ತು ತುಂಬಿದ ವರ್ಷ ನಾವು ಆರು ಜನ ಪೋಷಕರು ಸೇರಿ ಹತ್ತು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಟ್ರಾವೆಲ್ ಬೇಸ್‌ಬಾಲ್ ತಂಡ ಕಟ್ಟಿದೆವು. ನಾನು ಬೇಸ್‌ಬಾಲ್ ಆಡಿದವಳಲ್ಲ. ಮೈದಾನದ ತರಬೇತಿಯನ್ನು ಕಾಲೇಜು ಮಟ್ಟದಲ್ಲಿ ಆಡಿದ್ದ ಇಬ್ಬರು ತಂದೆಯರು ವಹಿಸಿಕೊಂಡರು. ಅಭ್ಯಾಸದ ಯೋಜನೆ, ಲೆಕ್ಕಪತ್ರ ಮತ್ತು ನಿಯಮಗಳ ಬರಹ ನನ್ನ ಪಾಲಿಗೆ ಬಂದವು. ಆ ಕೆಲಸದಲ್ಲಿ ನನ್ನ ಕೈಹಿಡಿದದ್ದು ಬೋಧನಾಭ್ಯಾಸದ ದಿನಗಳಲ್ಲಿ ಕಲಿತ ಪಾಠಯೋಜನೆ. ಒಂದು ಮಕ್ಕಳ ತಂಡವನ್ನು ಹೇಗೆ ಆರಂಭಿಸುತ್ತಾರೆ, ಅದರಲ್ಲಿ ಪ್ರಶಿಕ್ಷಣಾರ್ಥಿಗಳಿಗೆ ಉಪಯುಕ್ತವಾದದ್ದು ಏನಿದೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಟ್ರಾವೆಲ್ ತಂಡ ಎಂದರೇನು?

ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್‌ಗೆ ಎರಡು ದಾರಿಗಳಿವೆ. ಮೊದಲನೆಯದು ಊರಿನ ಲೀಗ್. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಆರಂಭವಾದ ಲಿಟಲ್ ಲೀಗ್ ಇದರಲ್ಲಿ ಪ್ರಸಿದ್ಧ. ಇಲ್ಲಿ ಹೆಸರು ನೋಂದಾಯಿಸಿದ ಮಕ್ಕಳಿಗೆಲ್ಲ ಒಂದಲ್ಲ ಒಂದು ತಂಡದಲ್ಲಿ ಜಾಗ ಸಿಗುತ್ತದೆ. ಪಂದ್ಯಗಳು ಹತ್ತಿರದಲ್ಲೇ ನಡೆಯುತ್ತವೆ. ಎರಡನೆಯದು ಟ್ರಾವೆಲ್ ತಂಡ. ಇದಕ್ಕೆ ಆಯ್ಕೆ ಪರೀಕ್ಷೆ ಇರುತ್ತದೆ. ತಂಡ ವಾರಾಂತ್ಯಗಳಲ್ಲಿ ಬೇರೆ ಊರುಗಳಿಗೆ ಹೋಗಿ ಟೂರ್ನಮೆಂಟ್ ಆಡುತ್ತದೆ. ಸಾಮಾನ್ಯವಾಗಿ ಶನಿವಾರ ಗುಂಪಿನ ಪಂದ್ಯಗಳು, ಭಾನುವಾರ ಸೋತವರು ಹೊರಬೀಳುವ ಪಂದ್ಯಗಳು. ಖರ್ಚೆಲ್ಲ ಪೋಷಕರದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೈದಾನದಲ್ಲಿ ಒಂಬತ್ತು ಮಂದಿ ಇರುತ್ತಾರೆ. ಪಿಚರ್ ಚೆಂಡೆಸೆಯುತ್ತಾನೆ, ಬ್ಯಾಟರ್ ಹೊಡೆದು ನಾಲ್ಕು ಬೇಸ್‌ಗಳನ್ನು ಸುತ್ತಿ ಬಂದರೆ ಒಂದು ರನ್. ಈ ವಯಸ್ಸಿನವರ ಬಹಳಷ್ಟು ಟೂರ್ನಮೆಂಟ್‌ಗಳಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 65 ಅಡಿ. ನಮ್ಮ ಕ್ರಿಕೆಟ್ ಪಿಚ್ಚಿನ ಉದ್ದಕ್ಕಿಂತ ಒಂದೇ ಅಡಿ ಕಡಿಮೆ. ಪಿಚರ್ ನಿಲ್ಲುವುದು 46 ಅಡಿ ದೂರದಲ್ಲಿ.

ಮೊದಲು ಉದ್ದೇಶ, ಆಮೇಲೆ ಆಯ್ಕೆ

ಹೊಸ ತಂಡಕ್ಕೆ ಕೈಹಾಕುವ ಪೋಷಕರಲ್ಲಿ ಬಹುಮಂದಿ ಮೊದಲು ಯೋಚಿಸುವುದು ತಂಡದ ಹೆಸರು ಮತ್ತು ಸಮವಸ್ತ್ರದ ಬಣ್ಣ. ನಾವು ಮೊದಲ ಸಭೆಯಲ್ಲಿ ಒಂದು ಪುಟ ಬರೆದೆವು: ಈ ತಂಡ ಯಾಕೆ? ಗೆಲ್ಲಲಿಕ್ಕೋ, ಕಲಿಯಲಿಕ್ಕೋ? ಎರಡೂ ಎನ್ನುವುದು ಸುಲಭದ ಉತ್ತರ. ಆದರೆ ಭಾನುವಾರದ ಪಂದ್ಯದ ಕೊನೆಯ ಇನ್ನಿಂಗ್ಸ್‌ನಲ್ಲಿ ಅವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಆ ಹೊತ್ತಿಗೆ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಹತ್ತು ವರ್ಷದ ಮಕ್ಕಳಿಗೆ ಕಲಿಕೆಯೇ ಮುಂದೆ ಎಂದು ಬರೆದೆವು. ಪಾಠಯೋಜನೆಯ ಮೊದಲ ಅಂಕಣದಲ್ಲಿ ಕಲಿಕಾ ಫಲ ಬರೆಯುವುದು ಇದಕ್ಕಾಗಿಯೇ.

ಉದ್ದೇಶವನ್ನು ಹಾಗೆಯೇ ಬಿಟ್ಟರೆ ಅದು ಗೋಡೆಯ ಮೇಲಿನ ಸುಭಾಷಿತವಾಗುತ್ತದೆ. ಅದನ್ನು ಎಣಿಸಬಹುದಾದ ನಿಯಮವಾಗಿ ಇಳಿಸಬೇಕು. ಲಿಟಲ್ ಲೀಗ್‌ನ ನಿಯಮ ಹೀಗಿದೆ: ಪ್ರತಿ ಪಂದ್ಯದಲ್ಲೂ ಪ್ರತಿ ಮಗು ಕನಿಷ್ಠ ಆರು ಔಟ್‌ಗಳಾಗುವಷ್ಟು ಕಾಲ ಕ್ಷೇತ್ರರಕ್ಷಣೆಯಲ್ಲಿ ಇರಬೇಕು, ಒಮ್ಮೆಯಾದರೂ ಬ್ಯಾಟ್ ಮಾಡಬೇಕು. ಟ್ರಾವೆಲ್ ತಂಡಗಳಲ್ಲಿ ಇಂಥ ನಿಯಮವನ್ನು ನಾವೇ ಮಾಡಿಕೊಳ್ಳಬೇಕಾಗುತ್ತದೆ. ನಮ್ಮ ತಂಡದ್ದು ಹನ್ನೊಂದು ಮಕ್ಕಳು. ಪ್ರತಿ ಇನ್ನಿಂಗ್ಸ್‌ನಲ್ಲಿ ಒಂಬತ್ತು ಮಂದಿ ಆಡಿದರೆ ಇಬ್ಬರು ಬೆಂಚಿನ ಮೇಲೆ. ಆರು ಇನ್ನಿಂಗ್ಸ್‌ಗೆ ಕೂರುವ ಸರದಿಗಳು ಹನ್ನೆರಡು. ಹಂಚಿದರೆ ಹತ್ತು ಮಂದಿ ಒಮ್ಮೊಮ್ಮೆ, ಒಬ್ಬರು ಮಾತ್ರ ಎರಡು ಬಾರಿ. ಆ ಒಬ್ಬರು ಯಾರು? ಮೊದಲ ಮೂರು ಪಂದ್ಯಗಳಲ್ಲಿ ತಂಡ ನಡೆಸುವ ನಮ್ಮ ಮೂವರ ಮಕ್ಕಳು. ಅನಂತರ ಹಾಜರಿ ಪಟ್ಟಿಯ ಕ್ರಮದಲ್ಲಿ ಉಳಿದವರು. ಬ್ಯಾಟಿಂಗ್ ಸರದಿಯಲ್ಲಿ ಎಲ್ಲ ಹನ್ನೊಂದು ಮಕ್ಕಳೂ ಇರುತ್ತಾರೆ. ಪಿಚಿಂಗ್‌ಗೆ ಮಾತ್ರ ಒಂದು ಮಿತಿ: ಚೆಂಡನ್ನು ಬ್ಯಾಟರ್‌ನ ಮೈಗೆ ತಾಗದಂತೆ ಎಸೆಯಲು ಬಂದವರಿಗಷ್ಟೇ ಅವಕಾಶ. ಕಲಿಯಲು ಮಾತ್ರ ಎಲ್ಲರಿಗೂ ಬಾಗಿಲು ತೆರೆದಿತ್ತು.

ತಂಡ ನಡೆಸುವವರ ಮಕ್ಕಳನ್ನು ಮೊದಲು ಕೂರಿಸಿದ್ದಕ್ಕೆ ಕಾರಣವಿದೆ. ತರಬೇತುದಾರ ತನ್ನ ಮಗನಿಗೇ ಒಳ್ಳೆಯ ಸ್ಥಾನ ಕೊಡುವ ಚಾಳಿಗೆ ಇಲ್ಲಿ 'ಡ್ಯಾಡಿ ಬಾಲ್' ಎಂಬ ಅಡ್ಡಹೆಸರೇ ಇದೆ. ಒಮ್ಮೆ ಆ ಅನುಮಾನ ಹುಟ್ಟಿತೆಂದರೆ ತಂಡ ಒಳಗಿನಿಂದ ಒಡೆಯುತ್ತದೆ.

ನಿಯಮದ ಪುಟ ಸಿದ್ಧವಾದ ಮೇಲೆಯೇ ಆಗಸ್ಟ್ ತಿಂಗಳಲ್ಲಿ ಆಯ್ಕೆ ನಡೆಯಿತು. ಹತ್ತೊಂಬತ್ತು ಮಕ್ಕಳು ಬಂದರು. ಯಾರು ಜೋರಾಗಿ ಹೊಡೆಯುತ್ತಾರೆ ಎಂಬುದರ ಜೊತೆಗೆ ಇನ್ನೊಂದು ಅಂಕಣ ಇಟ್ಟಿದ್ದೆವು: ಒಂದು ತಪ್ಪನ್ನು ತಿದ್ದಿ ಹೇಳಿದ ಮೇಲೆ ಎರಡನೆಯ ಪ್ರಯತ್ನದಲ್ಲಿ ಏನಾಯಿತು? ಈಗ ಎಷ್ಟು ಬರುತ್ತದೆ ಎಂಬುದಕ್ಕಿಂತ ಕಲಿಸಿದರೆ ಎಷ್ಟು ಹಿಡಿಯುತ್ತದೆ ಎಂಬುದನ್ನು ಆ ಅಂಕಣ ತೋರಿಸಿತು. ಆಯ್ಕೆಯಾಗದ ಎಂಟು ಮಕ್ಕಳ ಮನೆಗೂ ನಾವೇ ಫೋನ್ ಮಾಡಿದೆವು. ಮಗು ಚೆನ್ನಾಗಿ ಮಾಡಿದ ಒಂದು ಸಂಗತಿ, ಅಭ್ಯಾಸ ಮಾಡಬೇಕಾದ ಒಂದು ಸಂಗತಿ, ಊರಿನ ಲೀಗ್‌ಗೆ ಹೆಸರು ಕೊಡುವ ಬಗೆ, ಇಷ್ಟನ್ನು ತಿಳಿಸಿದೆವು.

ಹಣ ಮತ್ತು ಹೊಣೆ

ತಂಡದ ಹಣ ಒಬ್ಬರ ಸ್ವಂತ ಖಾತೆಯಲ್ಲಿ ಇರಬಾರದು. ತೆರಿಗೆ ಇಲಾಖೆಯಿಂದ ಸಂಸ್ಥೆಗೊಂದು ಗುರುತಿನ ಸಂಖ್ಯೆ ಪಡೆದು, ಇಬ್ಬರ ಸಹಿಯ ಬ್ಯಾಂಕ್ ಖಾತೆ ತೆರೆದೆವು. ನಮ್ಮ ಮೊದಲ ಋತುವಿನ ಅಂದಾಜು ಹೀಗಿತ್ತು: ಆರು ಟೂರ್ನಮೆಂಟ್‌ಗಳ ಪ್ರವೇಶ ಶುಲ್ಕ 3000 ಡಾಲರ್, ವಿಮೆ 250, ಚೆಂಡು ಮತ್ತು ಸಲಕರಣೆ 750, ಸಮವಸ್ತ್ರ 1100, ಚಳಿಗಾಲದ ಒಳಾಂಗಣ ಬಾಡಿಗೆ 950. ಒಟ್ಟು 6050, ಮಗುವೊಂದಕ್ಕೆ 550 ಡಾಲರ್. ಪ್ರಯಾಣ ಮತ್ತು ಹೋಟೆಲ್ ಖರ್ಚು ಬೇರೆ. ಸಂಬಳದ ತರಬೇತುದಾರರಿರುವ ಕ್ಲಬ್‌ಗಳಲ್ಲಿ ಶುಲ್ಕವೇ ಸಾವಿರಾರು ಡಾಲರ್‌ಗೆ ಏರುತ್ತದೆ. ಪ್ರತಿಭೆ ಇದ್ದೂ ಹಣವಿಲ್ಲದ ಮಗು ಟ್ರಾವೆಲ್ ಬೇಸ್‌ಬಾಲ್‌ನಿಂದ ಹೊರಗುಳಿಯುವುದು ಹೀಗೆ. ನಮ್ಮ ತಂಡದಲ್ಲೂ ಪೂರ್ತಿ ಶುಲ್ಕ ಕೊಡಲಾಗದ ಒಂದು ಮನೆಯಿತ್ತು. ಹತ್ತಿರದ ಅಂಗಡಿಯವರು ಕೊಟ್ಟ ದೇಣಿಗೆಯಿಂದ ಅದು ತುಂಬಿತು. ಯಾರು ಎಷ್ಟು ಕೊಟ್ಟರು ಎಂಬುದು ಖಜಾಂಚಿಯೊಬ್ಬರಿಗೆ ಮಾತ್ರ ಗೊತ್ತಿರಬೇಕೆಂದು ನಿಯಮದ ಪುಟದಲ್ಲಿ ಸೇರಿಸಿದೆವು.

ಮಕ್ಕಳ ಜೊತೆ ಒಡನಾಡುವ ಎಲ್ಲ ದೊಡ್ಡವರ ಹಿನ್ನೆಲೆ ಪರಿಶೀಲನೆ ಮಾಡಿಸಿದೆವು. ದೊಡ್ಡವರೊಬ್ಬರು ಪರರ ಮಗುವೊಂದರ ಜೊತೆ ಒಂಟಿಯಾಗಿ ಇರಕೂಡದು ಎಂಬುದು ಇನ್ನೊಂದು ನಿಯಮ. ಇದನ್ನು ಅಪನಂಬಿಕೆ ಎಂದು ಯಾರೂ ಭಾವಿಸಲಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿದ್ದರಿಂದ ಯಾರ ಕಡೆಗೂ ಬೆರಳು ತೋರಿದಂತಾಗಲಿಲ್ಲ.

ಅಭ್ಯಾಸದ ತೊಂಬತ್ತು ನಿಮಿಷ

ಹಳೆಯ ಮಾದರಿಯ ಅಭ್ಯಾಸದಲ್ಲಿ ಒಬ್ಬ ಮಗು ಬ್ಯಾಟ್ ಮಾಡುತ್ತದೆ, ಉಳಿದವರು ಮೈದಾನದಲ್ಲಿ ಹರಡಿ ನಿಲ್ಲುತ್ತಾರೆ. ಒಬ್ಬರಿಗೆ ಐದು ನಿಮಿಷವೆಂದರೆ ಹನ್ನೊಂದು ಮಂದಿಗೆ 55 ನಿಮಿಷ. ಅಂದರೆ ಪ್ರತಿ ಮಗು ಐದು ನಿಮಿಷ ಹೊಡೆದು, ಐವತ್ತು ನಿಮಿಷ ತನ್ನ ಕಡೆ ಚೆಂಡು ಬಂದೀತೇ ಎಂದು ಕಾಯುತ್ತದೆ. ದೂರದಿಂದ ನೋಡುವವರಿಗೆ ಅಭ್ಯಾಸ ಭರ್ಜರಿಯಾಗಿ ನಡೆದಂತೆ ಕಾಣುತ್ತದೆ. ಶಿಕ್ಷಕರೊಬ್ಬರೇ ಪ್ರಶ್ನೆ ಕೇಳಿ, ಮುಂದಿನ ಬೆಂಚಿನ ಒಬ್ಬ ಉತ್ತರಿಸಿ, ನಲವತ್ತು ಮಕ್ಕಳು ಸುಮ್ಮನೆ ಕೂರುವ ತರಗತಿಯೂ ಹೀಗೆಯೇ ಕಾಣುತ್ತದೆ.

ನಾನು ಬರೆದ ಯೋಜನೆ ಇದು: ಮೈ ಬಿಸಿ ಮಾಡಲು 10 ನಿಮಿಷ, ಜೋಡಿಯಾಗಿ ಚೆಂಡು ಎಸೆದು ಹಿಡಿಯಲು 10, ನಾಲ್ಕು ಗುಂಪು ಚಟುವಟಿಕೆಗಳಿಗೆ ತಲಾ 12ರಂತೆ 48, ಪುಟ್ಟ ಪಂದ್ಯಕ್ಕೆ 15, ಮಾತುಕತೆಗೆ 7. ಗುಂಪಿನಲ್ಲಿ ಇಬ್ಬರು ಅಥವಾ ಮೂವರು ಮಕ್ಕಳು. ಒಂದು ಕಡೆ ಕಂಬದ ಮೇಲಿಟ್ಟ ಚೆಂಡನ್ನು ಹೊಡೆಯುವುದು, ಇನ್ನೊಂದು ಕಡೆ ಪಕ್ಕದಿಂದ ಮೆಲ್ಲಗೆ ತೂರಿದ ಚೆಂಡನ್ನು ಹೊಡೆಯುವುದು, ಮೂರನೆಯ ಕಡೆ ನೆಲದ ಮೇಲೆ ಉರುಳಿ ಬರುವ ಚೆಂಡನ್ನು ಹಿಡಿಯುವುದು, ನಾಲ್ಕನೆಯ ಕಡೆ ಬೇಸ್ ಓಟ. ಪ್ರತಿ ಕಡೆಯೂ ಒಬ್ಬ ಪೋಷಕರು. ಅವರಿಗೆ ಬೇಸ್‌ಬಾಲ್ ಬರಲೇಬೇಕೆಂದಿಲ್ಲ. ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಆ ದಿನ ಗಮನಿಸಬೇಕಾದ ಒಂದೇ ಅಂಶ. ಉದಾಹರಣೆಗೆ, 'ಹಿಡಿಯುವ ಮುನ್ನ ಗ್ಲವ್ ನೆಲ ಮುಟ್ಟಿದೆಯೇ?' ಸೂಕ್ಷ್ಮಬೋಧನೆಯಲ್ಲಿ ಒಂದು ಸಲಕ್ಕೆ ಒಂದೇ ಕೌಶಲವನ್ನು ಎತ್ತಿಕೊಳ್ಳುವಂತೆ ಇದು. ಈ ಯೋಜನೆಯಲ್ಲಿ ಪ್ರತಿ ಮಗು ಕಂಬದ ಚೆಂಡನ್ನು ಇಪ್ಪತ್ತೈದಕ್ಕೂ ಹೆಚ್ಚು ಬಾರಿ ಹೊಡೆಯಿತು.

ಎಸೆತದ ಎಣಿಕೆ

ಕ್ರಿಕೆಟ್ ಬೌಲರ್ ಮಡಿಸಿದ ಮೊಣಕೈಯನ್ನು ಬೀಸಿ ನೇರ ಮಾಡುತ್ತ ಚೆಂಡೆಸೆಯುವಂತಿಲ್ಲ. ಬೇಸ್‌ಬಾಲ್ ಪಿಚರ್ ಮೊಣಕೈ ಮಡಿಸಿ ಚಾಟಿಯಂತೆ ಬೀಸುತ್ತಾನೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದ್ವಸ್ಥಿಯ ಬೆಳವಣಿಗೆ ಫಲಕ ಇರುತ್ತದೆ. ಅತಿಯಾಗಿ ಎಸೆದರೆ ಮೊಣಕೈಯ ಒಳಬದಿಯ ಆ ಫಲಕಕ್ಕೆ ಪೆಟ್ಟು ಬೀಳುತ್ತದೆ. ಹೀಗಾಗಿ ಲಿಟಲ್ ಲೀಗ್ 2007ರಿಂದ ಇನ್ನಿಂಗ್ಸ್ ಲೆಕ್ಕ ಬಿಟ್ಟು ಎಸೆತಗಳ ಲೆಕ್ಕ ಹಿಡಿಯಿತು. 2014ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್ಎ ಬೇಸ್‌ಬಾಲ್ ಸೇರಿ 'ಪಿಚ್ ಸ್ಮಾರ್ಟ್' ಮಾರ್ಗಸೂಚಿ ಹೊರತಂದವು. ಅದರಂತೆ 9-10 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 75 ಎಸೆತ. 20ರವರೆಗೆ ಎಸೆದರೆ ಮರುದಿನವೇ ಎಸೆಯಬಹುದು. 21ರಿಂದ 35ಕ್ಕೆ ಒಂದು ದಿನ, 50ರವರೆಗೆ ಎರಡು, 65ರವರೆಗೆ ಮೂರು, ಅದಕ್ಕೂ ಮೀರಿದರೆ ನಾಲ್ಕು ದಿನ ವಿಶ್ರಾಂತಿ. ವರ್ಷದಲ್ಲಿ ನಾಲ್ಕು ತಿಂಗಳಾದರೂ ಎಸೆತಕ್ಕೆ ಬಿಡುವಿರಬೇಕು. ನಮ್ಮ ತಂಡ ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಎಸೆತ ನಿಲ್ಲಿಸಿ, ಒಳಾಂಗಣದಲ್ಲಿ ಬ್ಯಾಟಿಂಗ್ ಮತ್ತು ಕಾಲಿನ ಚಲನೆಯನ್ನಷ್ಟೇ ಅಭ್ಯಾಸ ಮಾಡಿತು.

ಪಂದ್ಯದಲ್ಲಿ ಎಸೆತ ಎಣಿಸುವವರು ತರಬೇತುದಾರರಾಗಿರಬಾರದು. ಗೆಲುವು ಕಣ್ಣೆದುರಿಗಿದ್ದಾಗ ಎಣಿಕೆ ಜಾರುವುದು ಸಹಜ. ಆ ಹೊಣೆಯನ್ನು ಪಿಚರ್‌ನ ಮನೆಯವರಲ್ಲದ ಒಬ್ಬ ಪೋಷಕರಿಗೆ ಕೊಟ್ಟೆವು.

ನಿಯಮಕ್ಕೆ ತೆತ್ತ ಬೆಲೆ

ಜೂನ್ ತಿಂಗಳ ಒಂದು ಭಾನುವಾರ ಸೆಮಿಫೈನಲ್. ಅಂಕ ಸಮ. ಕೊನೆಯ ಇನ್ನಿಂಗ್ಸ್, ಎದುರಾಳಿಗಳ ಬ್ಯಾಟಿಂಗ್, ಇಬ್ಬರು ಔಟ್, ಮೂರನೆಯ ಬೇಸಿನಲ್ಲಿ ಓಟಗಾರ. ನಮ್ಮ ಪಟ್ಟಿಯ ಪ್ರಕಾರ ಎರಡನೆಯ ಬೇಸಿನ ಬಳಿ ನಿಂತಿದ್ದವನು ತಂಡದಲ್ಲಿ ಎಲ್ಲರಿಗಿಂತ ನಿಧಾನಿ. ಬೇಲಿಯ ಬಳಿ ಬಂದ ಒಬ್ಬ ತಂದೆ, ಇದೊಂದು ಸಲ ಅವನನ್ನು ಬದಲಾಯಿಸಿ ಎಂದರು. ತರಬೇತುದಾರರು ಕೈಯಲ್ಲಿದ್ದ ಪಟ್ಟಿ ತೋರಿಸಿದರು. ಚೆಂಡು ಹುಡುಗನ ಕಡೆಗೇ ಉರುಳಿತು. ಅವನು ತಡೆದ, ಆದರೆ ಎಸೆತ ತಡವಾಯಿತು. ಒಂದು ರನ್‌ನಿಂದ ಸೋತೆವು.

ಆ ವಾರ ಪೋಷಕರ ಸಭೆ ಸೇರಿತು. ಭಾನುವಾರಕ್ಕೆ ನಿಯಮ ಸಡಿಲಿಸಬೇಕೆಂದು ಮೂರು ಮನೆಯವರು ಕೇಳಿದರು. ಅವರ ಮಾತಿನಲ್ಲೂ ನ್ಯಾಯವಿತ್ತು: ದೂರದಿಂದ ಬಂದು, ಎರಡು ರಾತ್ರಿ ಹೋಟೆಲ್‌ನಲ್ಲಿ ತಂಗಿ, ಕೈಗೆ ಬಂದದ್ದು ಬಾಯಿಗೆ ಬರದಿದ್ದರೆ ಮಕ್ಕಳಿಗೂ ಬೇಸರವೇ. ಆದರೆ ಎಲ್ಲರೂ ಸಹಿ ಮಾಡಿದ ಪುಟ ಮೇಜಿನ ಮೇಲಿತ್ತು. ಋತುವಿನ ನಡುವೆ ನಿಯಮ ಬದಲಾದರೆ ಬೆಂಚಿಗೆ ಹೋಗುವ ಮಗು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಅವನ ತಾಯಿ ಅದೇ ಕೋಣೆಯಲ್ಲಿ ಕುಳಿತಿದ್ದರು. ನಿಯಮ ಉಳಿಯಿತು. ಋತು ಮುಗಿದ ಮೇಲೆ ಒಂದು ಮನೆಯವರು ಬೇರೆ ತಂಡಕ್ಕೆ ಹೋದರು. ಅವರ ಮಗ ನಮ್ಮ ಒಳ್ಳೆಯ ಪಿಚರ್. ಮರುವರ್ಷ ನಾವು ಹೆಚ್ಚು ಪಂದ್ಯ ಸೋತೆವು. ಎರಡನೆಯ ಬೇಸಿನ ಹುಡುಗ ಮರುವರ್ಷವೂ ಬಂದ, ಒಂದು ಅಭ್ಯಾಸವನ್ನೂ ತಪ್ಪಿಸಲಿಲ್ಲ.

ಈ ನಿಯಮ ಎಲ್ಲ ವಯಸ್ಸಿಗೂ ಸಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಹದಿನೈದರ ಹೊತ್ತಿಗೆ ಸ್ಪರ್ಧೆಯನ್ನು ಮಕ್ಕಳೇ ಬಯಸುತ್ತಾರೆ. ಆಗ ಉದ್ದೇಶದ ಪುಟವನ್ನು ಹೊಸದಾಗಿ ಬರೆಯಬೇಕು. ಆದರೆ ಬರೆಯುವ ಕೆಲಸ ಋತು ಆರಂಭವಾಗುವ ಮೊದಲೇ ಆಗಬೇಕು.

ಬೋಧನಾಭ್ಯಾಸಕ್ಕೆ ಏನು?

ಪ್ರಶಿಕ್ಷಣಾರ್ಥಿಗಳ ಪಾಠ ವೀಕ್ಷಿಸುವಾಗ ನಾವು ಹೆಚ್ಚಾಗಿ ಬರೆಯುವುದು ಬೋಧಕರ ಬಗ್ಗೆ: ಪೀಠಿಕೆ ಹೇಗಿತ್ತು, ಧ್ವನಿ ಹೇಗಿತ್ತು, ಕಪ್ಪುಹಲಗೆಯ ಬಳಕೆ ಹೇಗಿತ್ತು. ಇವೆಲ್ಲ ಬೇಕು. ಜೊತೆಗೆ ವೀಕ್ಷಣಾ ನಮೂನೆಯ ಹಿಂಬದಿಯಲ್ಲಿ ತರಗತಿಯ ಆಸನಗಳ ನಕ್ಷೆ ಬರೆದುಕೊಳ್ಳಿ. ಯಾವ ಮಗು ಮಾತಾಡಿದರೂ, ಹಲಗೆಗೆ ಬಂದರೂ, ಉಪಕರಣ ಮುಟ್ಟಿದರೂ ಅದರ ಚೌಕದಲ್ಲಿ ಒಂದು ಗೀಟು ಎಳೆಯಿರಿ. ಪಾಠ ಮುಗಿದ ಮೇಲೆ ಆ ನಕ್ಷೆಯನ್ನು ಪ್ರಶಿಕ್ಷಣಾರ್ಥಿಯ ಮುಂದಿಡಿ. ಗೀಟೇ ಇಲ್ಲದ ಚೌಕಗಳು ಯಾವುವು ಎಂದು ಅವರೇ ಹೇಳಲಿ. ಮುಂದಿನ ಪಾಠಯೋಜನೆಯಲ್ಲಿ ಆ ಮಕ್ಕಳಿಗೆ ಯಾವ ಹೊತ್ತಿನಲ್ಲಿ, ಯಾವ ಕೆಲಸ ಎಂಬುದನ್ನು ಹೆಸರು ಸಮೇತ ಮೊದಲೇ ಬರೆಯಲಿ. ಇದಕ್ಕೆ ಹೊಸ ಸಲಕರಣೆ ಏನೂ ಬೇಡ. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು.