ನಿಮಗಿದು ಗೊತ್ತೇ? ಹಟ್ಟಿಯ ಚಿನ್ನ, ಸಿಂಧನೂರಿನ ಭತ್ತ ಮತ್ತು ಬಯೋಎಂಜಿನಿಯರಿಂಗ್

ಕಬ್ಬಿಣ, ಗಂಧಕ ತಿಂದು ಬದುಕುವ ಬ್ಯಾಕ್ಟೀರಿಯಾ ಇದೆ. ಹೆಸರು ಅಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡನ್ಸ್. ಗಣಿಗಳಿಂದ ಬಸಿದು ಬರುವ, ನಿಂಬೆರಸದಷ್ಟು ಹುಳಿಯಾದ ನೀರೇ ಅದರ ತವರು.

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಗೂ ಈ ಜೀವಿಗೂ ನಂಟುಂಟು. ಹಟ್ಟಿಯ ಅದಿರನ್ನು ಪುಡಿ ಮಾಡಿ ಸಯನೈಡ್ ದ್ರಾವಣಕ್ಕೆ ಹಾಕಿದರೆ ಚಿನ್ನದ ಬಹುಪಾಲು ಕರಗಿ ಬರುತ್ತದೆ. ಆದರೆ ಎಲ್ಲ ಅದಿರೂ ಇಷ್ಟು ಸಲೀಸಲ್ಲ. ಅಜ್ಜನಹಳ್ಳಿ, ಜಿ.ಆರ್. ಹಳ್ಳಿಯಂಥ ಕಡೆಯ ಅದಿರಿನಲ್ಲಿ ಚಿನ್ನದ ಕಣಗಳು ಪೈರೈಟ್, ಆರ್ಸೆನೋಪೈರೈಟ್ ಎಂಬ ಗಂಧಕದ ಖನಿಜಗಳೊಳಗೆ ಹುದುಗಿರುತ್ತವೆ. ಎಷ್ಟು ನುಣ್ಣಗೆ ಅರೆದರೂ ಸಯನೈಡ್ ಅಲ್ಲಿಗೆ ತಲುಪದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ.ಎ. ನಟರಾಜನ್ ಮತ್ತು ಸಂಗಡಿಗರು ಈ ಬ್ಯಾಕ್ಟೀರಿಯಾವನ್ನೇ ಕೆಲಸಕ್ಕೆ ಹಚ್ಚಿದರು; ಹಟ್ಟಿಯಲ್ಲಿ ಜೈವಿಕ ರಿಯಾಕ್ಟರಿನ ಪ್ರಾಯೋಗಿಕ ಘಟಕವೂ ಎದ್ದಿತು.

ಬ್ಯಾಕ್ಟೀರಿಯಾ ಚಿನ್ನವನ್ನು ಮುಟ್ಟುವುದಿಲ್ಲ. ಸುತ್ತಲಿನ ಖನಿಜವನ್ನು ಕರಗಿಸಿ ಚಿನ್ನಕ್ಕೆ ದಾರಿ ಬಿಡಿಸುತ್ತದೆ, ಅಷ್ಟೆ. ಇನ್ನು ತೊಟ್ಟಿಯೊಳಗೆ ಗಾಳಿ ಊದುವುದು, ರಾಡಿಯನ್ನು ತಳಕ್ಕೆ ಕೂರದಂತೆ ಕಲಕುವುದು, ಏರುವ ಬಿಸಿಯನ್ನು ಹೊರಹಾಕುವುದು ಎಂಜಿನಿಯರನ ಪಾಲು. ಖನಿಜದಿಂದ ಬಿಡುಗಡೆಯಾದ ಆರ್ಸೆನಿಕ್ ವಿಷ ನೀರಿಗಿಳಿಯುತ್ತದೆ. ಸುಣ್ಣ ಹಾಕಿ, ಕಬ್ಬಿಣದೊಂದಿಗೆ ಅದನ್ನು ಗಟ್ಟಿಯಾಗಿಸಿ ತಳಕ್ಕಿಳಿಸಬೇಕು. ಈ ವಿಧಾನ ವಾಣಿಜ್ಯ ಮಟ್ಟದಲ್ಲಿ ಮೊದಲು ಚಾಲೂ ಆದದ್ದು 1986ರಲ್ಲಿ, ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ.

ಗಣಿ ಎಂಜಿನಿಯರರ ಮಾತು ಬಂತಲ್ಲ, ಮಸ್ಕಿಯ ಅಶೋಕ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಯಾರಿಂದ ಗೊತ್ತೇ? ಇತಿಹಾಸಕಾರರಿಂದಲ್ಲ, ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರನಿಂದ. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದು ಶಾಸನದಿಂದಲೇ ಖಚಿತವಾದದ್ದು ಇಲ್ಲಿ. ಒಂದು ವಿದ್ಯೆಯವರು ಇನ್ನೊಂದರ ಹೊಲಕ್ಕೆ ಕಾಲಿಟ್ಟಾಗ ಇಂಥ ಫಲ ಸಿಗುವುದುಂಟು!

ಹೀಗೆ ಜೀವವಿಜ್ಞಾನ, ಎಂಜಿನಿಯರಿಂಗ್ ಕೂಡಿದ ವಿದ್ಯೆಗೆ ‘ಬಯೋಎಂಜಿನಿಯರಿಂಗ್’ ಎಂಬ ಹೆಸರು ಬಳಕೆಗೆ ಬಂದದ್ದು 1954ರಲ್ಲಿ, ಬ್ರಿಟಿಷ್ ವಿಜ್ಞಾನಿ ಹೈಂಜ್ ವುಲ್ಫ್ ಅವರಿಂದ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವವಿಜ್ಞಾನವನ್ನೂ ಎಂಜಿನಿಯರಿಂಗನ್ನೂ ಕೂಡಿಸಿದ ಕೇಂದ್ರ 2015ರಲ್ಲಿ ಆರಂಭವಾಯಿತು; ಈಗ ಅದೇ ಬಯೋಎಂಜಿನಿಯರಿಂಗ್ ವಿಭಾಗ.

ಸಿಂಧನೂರಿನ ಮೆಡಿಕಲ್ ಶಾಪಿನ ಫ್ರಿಜ್ಜಿನಲ್ಲೂ ಇದೇ ವಿದ್ಯೆ ಕೂತಿದೆ. ಹಿಂದೆ ಇನ್ಸುಲಿನ್ ತೆಗೆಯುತ್ತಿದ್ದುದು ಹಂದಿ, ದನಗಳ ಮೇದೋಜ್ಜೀರಕ ಗ್ರಂಥಿಯಿಂದ. ಮಾನವ ಇನ್ಸುಲಿನ್ನಿನ ಜೀನ್ ಸೇರಿಸಿದ ಬ್ಯಾಕ್ಟೀರಿಯಾದಿಂದ ತಯಾರಾದ ಔಷಧಿಗೆ ಅಮೆರಿಕ 1982ರಲ್ಲಿ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಪಿಚಿಯಾ ಎಂಬ ಯೀಸ್ಟಿನಿಂದ ಇನ್ಸುಲಿನ್ ಮಾಡಿ ಮಾರುಕಟ್ಟೆಗೆ ತಂದಿತು.

ಇನ್ನು ಭತ್ತ. ತುಂಗಭದ್ರಾ ಎಡದಂಡೆ ಕಾಲುವೆ ಬಯಲಿನ ರೈತರಿಗೆ ಬಿಪಿಟಿ 5204 (ಸಾಂಬಾ ಮಹಸೂರಿ) ತಳಿ ಮನೆಮಾತು. ತಿನ್ನಲು ಸಣ್ಣಕ್ಕಿ, ಮಾರಲು ಒಳ್ಳೆಯ ರೇಟು. ಆದರೆ ದುಂಡಾಣು ಅಂಗಮಾರಿ ಬಿದ್ದರೆ ಎಲೆ ತುದಿಯಿಂದ ಒಣಗುತ್ತಾ ಬರುತ್ತದೆ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಮತ್ತು ಭತ್ತ ಸಂಶೋಧನಾ ಸಂಸ್ಥೆಗಳು ಇದೇ ತಳಿಗೆ ಮೂರು ರೋಗನಿರೋಧಕ ಜೀನ್ ಕೂಡಿಸಿ 2008ರಲ್ಲಿ ‘ಇಂಪ್ರೂವ್ಡ್ ಸಾಂಬಾ ಮಹಸೂರಿ’ ಬಿಡುಗಡೆ ಮಾಡಿದವು. ಆ ಜೀನ್‌ಗಳಲ್ಲೊಂದು ಆಫ್ರಿಕಾದ ಮಾಲಿ ದೇಶದ ಕಾಡುಭತ್ತದ್ದು. ಇದು ಕುಲಾಂತರಿ ಅಲ್ಲ. ತಳಿ ಸಂಕರಣವೇ, ಯಾವ ಸಸಿಯಲ್ಲಿ ಜೀನ್ ಬಂದಿದೆ ಎಂದು ಡಿಎನ್‌ಎ ಗುರುತಿನಿಂದ ಆರಿಸಿದ್ದು.

2025ರ ಮೇ ತಿಂಗಳಲ್ಲಿ ಎರಡು ಜೀನ್ ತಿದ್ದಿದ ತಳಿಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ಬಿಪಿಟಿಯಿಂದ ಬಂದ ‘ಕಮಲಾ’ ತೆನೆಗೆ ಹೆಚ್ಚು ಕಾಳು ಕಟ್ಟಿ, ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಎನ್ನುತ್ತದೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು. ಬೇಗ ಕೊಯ್ದಷ್ಟೂ ಕಾಲುವೆ ನೀರು ಉಳಿತಾಯ. ಎಂಟಿಯು 1010ರಿಂದ ಬಂದ ‘ಪೂಸಾ ಡಿಎಸ್‌ಟಿ ರೈಸ್ 1’ ಬರ ಮತ್ತು ಉಪ್ಪು ತಾಳುವ ತಳಿ. ಸವಳು ಹಿಡಿದ ಗದ್ದೆಯವರಿಗೆ ಇದು ದೊಡ್ಡ ಸುದ್ದಿ. ಆದರೆ ಬೀಜ ಸವಳನ್ನು ತಾಳಬಲ್ಲದು, ತೊಳೆಯಲಾರದು. ಬಸಿಗಾಲುವೆಯ ಹೂಳು ತೆಗೆಯದೆ ಬರೀ ಬೀಜ ಹಂಚುವುದು ಅರ್ಧ ಕೆಲಸ.

ಹತ್ತಿಯದು ಇನ್ನೊಂದು ಕಥೆ. 2002ರಲ್ಲಿ ಒಪ್ಪಿಗೆ ಪಡೆದ, ಕಾಯಿಕೊರಕಕ್ಕೆ ವಿಷವಾಗುವ ಬಿಟಿ ಹತ್ತಿಯ ಜೀನ್ ಬಂದದ್ದು ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ. 1901ರಲ್ಲಿ ಜಪಾನಿನ ಇಶಿವಾತಾ ಅದನ್ನು ಕಂಡದ್ದು ರೋಗ ಬಿದ್ದ ರೇಷ್ಮೆಹುಳುಗಳಲ್ಲಿ! 450 ಗ್ರಾಂ ಬಿಟಿ ಬೀಜದ ಜತೆ 120 ಗ್ರಾಂ ಬಿಟಿಯಲ್ಲದ ಬೀಜದ ಪುಟ್ಟ ಪೊಟ್ಟಣ ಕೊಡುತ್ತಿದ್ದುದು ಹೊಲದ ಸುತ್ತ ಬಿತ್ತಲು. ಆ ಗಿಡಗಳಲ್ಲಿ ವಿಷವಿಲ್ಲದೆ ಬೆಳೆದ ಕಾಯಿಕೊರಕದ ಪತಂಗಗಳು ನಿರೋಧಕ ಪತಂಗಗಳೊಡನೆ ಕೂಡಿದರೆ ಹುಟ್ಟುವ ಮರಿಗಳಿಗೆ ಬಿಟಿ ಮತ್ತೆ ತಟ್ಟುತ್ತದೆ. ಅನೇಕರು ಆ ಪೊಟ್ಟಣ ಬಿಚ್ಚಲೇ ಇಲ್ಲ. ಗುಲಾಬಿ ಕಾಯಿಕೊರಕ ಬಿಟಿಗೆ ಒಗ್ಗಿಕೊಂಡಿತು. ಈಗ ಎರಡೂ ಬೀಜ ಒಂದೇ ಪೊಟ್ಟಣದಲ್ಲಿ ಬೆರೆಸಿ ಮಾರುವ ಪದ್ಧತಿ ಬಂದಿದೆ.