ಸೆಟ್‌ಬ್ಯಾಕ್‌ನಲ್ಲಿ ವೀಲ್‌ಚೇರ್ ರ‍್ಯಾಂಪ್ ಕೇಳುವುದು ತಪ್ಪೇ? ‘ನಿಯಮ ಎಲ್ಲರಿಗೂ ಒಂದೇ’ ಎಂಬ ಮಾತು ಎಷ್ಟು ನಿಜ?

“ಒಬ್ಬರಿಗೆ ವಿನಾಯಿತಿ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ. ನಿಯಮ ಎಲ್ಲರಿಗೂ ಒಂದೇ.” ಮನೆ ಮುಂದೆ ವೀಲ್‌ಚೇರ್ ರ‍್ಯಾಂಪ್ ಕಟ್ಟುವ ಪ್ರಸ್ತಾಪ ಬಂದಾಗ ಅಕ್ಕಪಕ್ಕದವರಿಂದಲೋ ಫ್ಲ್ಯಾಟ್ ಸಂಘದ ಸಭೆಯಲ್ಲೋ ಇಂಥ ಮಾತು ಕೇಳಿಬರುವುದುಂಟು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಇದು ಅರ್ಧ ಸತ್ಯ.

ಮೂರು ಮೆಟ್ಟಿಲಿನ ಲೆಕ್ಕ

ಮಂಗಳೂರು ಏರು-ತಗ್ಗಿನ ಊರು. ಮಳೆಗಾಲದಲ್ಲಿ ನೀರು ಒಳಗೆ ನುಗ್ಗದಿರಲಿ ಎಂದು ಪಂಚಾಂಗವನ್ನೂ ಎತ್ತರಿಸಿ ಕಟ್ಟುತ್ತೇವೆ. ಅಂಗಳದಿಂದ ಸಿಟೌಟ್‌ಗೆ ಮೂರು ಮೆಟ್ಟಿಲು ಎಂದಿಟ್ಟುಕೊಳ್ಳಿ. ಒಂದೊಂದು 15 ಸೆಂ.ಮೀ. ಆದರೆ ಒಟ್ಟು 45 ಸೆಂ.ಮೀ. ಎತ್ತರ.

ರ‍್ಯಾಂಪಿಗೆ ಮಾರ್ಗಸೂಚಿಗಳು ಹೇಳುವ ಇಳಿಜಾರು 1:12. ಅಂದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಆ ಲೆಕ್ಕದಲ್ಲಿ ಮೂರು ಮೆಟ್ಟಿಲಿಗೆ 5.4 ಮೀಟರ್, ಸುಮಾರು 18 ಅಡಿ ಬೇಕು. ಇದಕ್ಕಿಂತ ಕಡಿದಾದರೆ ಒಬ್ಬರೇ ಗಾಲಿ ತಿರುಗಿಸಿಕೊಂಡು ಏರುವುದು ಕಷ್ಟ. ಒದ್ದೆಯಾದರೆ ಇಳಿಯುವುದು ಅಪಾಯ.

ಸಣ್ಣ ಸೈಟಿನಲ್ಲಿ 18 ಅಡಿ ಎಲ್ಲಿದೆ? ಹೆಚ್ಚಾಗಿ ಇರುವುದು ಸೆಟ್‌ಬ್ಯಾಕ್‌ನಲ್ಲಿ, ಅಂದರೆ ಗೋಡೆಗೂ ಕಾಂಪೌಂಡಿಗೂ ನಡುವೆ ಖಾಲಿ ಬಿಡಬೇಕಾದ ಜಾಗದಲ್ಲಿ. ಇದನ್ನು ನಿಗದಿ ಮಾಡುವುದು ವಲಯ ನಿಯಮಾವಳಿ ಮತ್ತು ಕಟ್ಟಡ ಬೈಲಾ. ಗಾಳಿ-ಬೆಳಕು ಬರಲಿ, ಬೆಂಕಿ ಬಿದ್ದರೆ ಓಡಾಡಲು ಜಾಗ ಇರಲಿ ಎಂಬುದು ಇದರ ಉದ್ದೇಶ. ಮೇಲೆ ಮಾಡಿಲ್ಲದ, ದಾರಿ ಬಿಟ್ಟು ಕಟ್ಟಿದ ತಗ್ಗು ರ‍್ಯಾಂಪ್‌ನಿಂದ ಈ ಉದ್ದೇಶ ಕೆಡುತ್ತದೆಯೇ? ಕೇಳಬೇಕಾದ ಪ್ರಶ್ನೆ ಇದು.

ಕಾನೂನು ಏನು ಹೇಳುತ್ತದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರಲ್ಲಿ ‘ಸಮಂಜಸ ಹೊಂದಾಣಿಕೆ’ ಎಂಬ ವಿಚಾರವಿದೆ. ವಿಕಲಚೇತನರು ಉಳಿದವರಂತೆಯೇ ಹಕ್ಕು ಅನುಭವಿಸಲು ಬೇಕಾದ ಬದಲಾವಣೆಯನ್ನು, ಎದುರಿನವರಿಗೆ ಅತಿಯಾದ ಹೊರೆಯಾಗದಂತೆ ಮಾಡಿಕೊಡುವುದು ಎಂದು ಇದರ ಅರ್ಥ. ಇದನ್ನು ನಿರಾಕರಿಸುವುದೂ ತಾರತಮ್ಯ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಒಂದೇ ನಿಯಮವನ್ನು ಎಲ್ಲರಿಗೂ ಒಂದೇ ರೀತಿ ಹಾಕಿ, ಅದರಿಂದ ಒಬ್ಬರು ಮನೆಯಿಂದ ಹೊರಗೇ ಬರಲಾಗದಿದ್ದರೆ, ಅದು ಸಮಾನತೆ ಆಗದು.

ಅಮೆರಿಕದಲ್ಲಿ 1988ರ ವಸತಿ ಕಾನೂನು ತಿದ್ದುಪಡಿಯ ನಂತರ ನಗರಗಳ ವಲಯ ನಿಯಮಗಳಿಗೂ ಇದೇ ತತ್ತ್ವ ಅನ್ವಯಿಸುತ್ತಿದೆ.

ಹಾಗಾದರೆ ಬೇಕಾದ್ದು ಕಟ್ಟಬಹುದೇ?

ಇಲ್ಲ. ಕೇಳುವ ಬದಲಾವಣೆಗೂ ವೈಕಲ್ಯಕ್ಕೂ ನೇರ ಸಂಬಂಧ ಇರಬೇಕು. ರ‍್ಯಾಂಪ್ ಹೆಸರಿನಲ್ಲಿ ಹೆಚ್ಚುವರಿ ಕೋಣೆ ಎಬ್ಬಿಸಲು, ಚರಂಡಿ ಮುಚ್ಚಲು, ರಸ್ತೆಗೆ ಚಾಚಲು ಈ ಕಾಯ್ದೆ ಪರವಾನಗಿ ಕೊಡುವುದಿಲ್ಲ. ಕಟ್ಟಿದ ಮೇಲೆ ಜಗಳವಾಡುವುದಕ್ಕಿಂತ ಮೊದಲೇ ಅನುಮತಿ ಕೇಳುವುದು ಒಳ್ಳೆಯದು.

ರ‍್ಯಾಂಪ್ ಸರಕಾರಿ ಕಟ್ಟಡಕ್ಕೆ ಮಾತ್ರವೇ?

ತಪ್ಪು ಕಲ್ಪನೆ. ಕಾಯ್ದೆಯ 44ನೇ ಕಲಂ ಪ್ರಕಾರ ಖಾಸಗಿ ಸಂಸ್ಥೆಯ ಕಟ್ಟಡದ ನಕ್ಷೆಯೂ ಸುಗಮ್ಯತೆಯ ನಿಯಮಗಳಿಗೆ ಹೊಂದದಿದ್ದರೆ ಅನುಮತಿ ಕೊಡುವಂತಿಲ್ಲ. ಖಾಸಗಿ ಸಂಸ್ಥೆಯ ವ್ಯಾಖ್ಯೆಯಲ್ಲಿ ಕಂಪನಿ, ಟ್ರಸ್ಟ್, ಸೊಸೈಟಿ, ಸಂಘಗಳೂ ಸೇರಿವೆ. 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು ಎಂದು ಹೇಳಿ, ಕಡ್ಡಾಯ ನಿಯಮ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು.

ಶೇ. 40 ವೈಕಲ್ಯದ ಪ್ರಮಾಣಪತ್ರ ಇಲ್ಲದಿದ್ದರೆ?

ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ. 40ರ ಮಿತಿ ಇದೆ. ಸಮಂಜಸ ಹೊಂದಾಣಿಕೆಗೆ ಆ ಮಿತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅದು ಪರೀಕ್ಷೆಗೆ ಬರಹಗಾರರನ್ನು ಕೇಳಿದ ಪ್ರಕರಣವಾದರೂ ತತ್ತ್ವ ಇಲ್ಲಿಗೂ ಮುಖ್ಯ.

ನೀವು ಏನು ಮಾಡಬಹುದು?

• ಮಹಾನಗರ ಪಾಲಿಕೆಗೆ ಲಿಖಿತ ಅರ್ಜಿ ಕೊಡಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ.
• ಯಾವ ನಿಯಮದಲ್ಲಿ, ಎಷ್ಟು ಅಡಿ ಸಡಿಲಿಕೆ ಬೇಕು, ಏಕೆ ಬೇಕು ಎಂದು ಬರೆಯಿರಿ. ಅಳತೆಯ ನಕ್ಷೆ, ವೈದ್ಯರ ಪತ್ರ ಲಗತ್ತಿಸಿ.
• ಸ್ವೀಕೃತಿ ಪಡೆಯಿರಿ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲೇ ಕೇಳಿ.
• ಫ್ಲ್ಯಾಟ್ ಆದರೆ ಸಂಘಕ್ಕೂ ಹೀಗೆಯೇ ಬರೆಯಿರಿ. ಲಿಫ್ಟ್ ಹತ್ತಿರದ ಪಾರ್ಕಿಂಗ್ ಕೇಳುವುದೂ ಇದೇ ಬಗೆಯ ಬೇಡಿಕೆ.
• ಪ್ರಯೋಜನವಾಗದಿದ್ದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಸಲ್ಲಿಸಿ. ಆಯುಕ್ತರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ 3 ತಿಂಗಳೊಳಗೆ ಕೈಗೊಂಡ ಕ್ರಮ ತಿಳಿಸಬೇಕು. ಒಪ್ಪದಿದ್ದರೆ ಕಾರಣ ಕೊಡಬೇಕು.

ಸಾರಾಂಶ: ನಿಯಮ ಎಲ್ಲರಿಗೂ ಇದೆ, ನಿಜ. ಅದನ್ನು ಹೊಂದಿಸಿಕೊಡಿ ಎಂದು ಕೇಳುವುದಕ್ಕೂ ಕಾನೂನಿನಲ್ಲೇ ಅವಕಾಶವಿದೆ. ಮೂರು ಮೆಟ್ಟಿಲಿನಿಂದಾಗಿ ಮನೆಯೊಳಗೇ ಉಳಿದವರು ನಿಮ್ಮ ಬೀದಿಯಲ್ಲೂ ಇರಬಹುದು. ಫಾರ್ವರ್ಡ್ ಮಾಡುವುದಾದರೆ ಈ ಮಾಹಿತಿಯನ್ನು ಮೊದಲು ಅವರ ಮನೆಯವರಿಗೆ ಕಳಿಸಿ.