ಕಾಚಿಗೂಡದಿಂದ ಕೋತ್ರೂಡಿಗೆ: ಪುಟ್ಟ ರೈಲಿನ ಹವ್ಯಾಸಿಗೊಂದು ದಾರಿ

ಮಾದರಿ ರೈಲು ಕಟ್ಟುವ ಹುಚ್ಚಿರುವವರು ಹೈದರಾಬಾದಿಗೆ ಬಂದು ‘ನೋಡೋದಕ್ಕೆ ಏನಿದೆ?’ ಎಂದು ಕೇಳಿದರೆ, ನಾನು ಅವರನ್ನು ಮೊದಲು ಕಾಚಿಗೂಡ ನಿಲ್ದಾಣಕ್ಕೆ ಕರೆದುಕೊಂಡು ಹೋಗುತ್ತೇನೆ. ಪುಟ್ಟ ರೈಲನ್ನು ಅಳೆಯುವ ಕಣ್ಣು ಬರುವುದು ದೊಡ್ಡ ರೈಲನ್ನು ಹತ್ತಿರದಿಂದ ನೋಡಿದ ಮೇಲೆಯೇ. ಆ ಕಣ್ಣು ಬಂದವರಿಗೆ ಯಾವ ಪ್ರದರ್ಶನಕ್ಕಾಗಿ ರಾತ್ರಿ ನಿದ್ದೆಗೆಟ್ಟು ಹೋಗಬೇಕು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ ಎಂಬುದನ್ನು ಬೇರೆಯವರು ಹೇಳಿಕೊಡಬೇಕಿಲ್ಲ.

ಹೈದರಾಬಾದಿನ ಕನ್ನಡಿಗರಿಗೆ ಕಾಚಿಗೂಡ ಹೊಸದೇನಲ್ಲ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಎರಡೂ ಈ ಬಡಾವಣೆಯಲ್ಲೇ ಇವೆ. ಬೆಂಗಳೂರು, ಮೈಸೂರಿನತ್ತ ಹೋಗುವ ರೈಲುಗಳು ಇಲ್ಲಿಂದ ಹೊರಡುತ್ತವೆ. 2023ರ ಸೆಪ್ಟೆಂಬರ್ 24ರಂದು ಯಶವಂತಪುರದ ವಂದೇ ಭಾರತ್ ಕೂಡ ಇಲ್ಲಿಂದಲೇ ಶುರುವಾಯಿತು. ಆದರೆ ಸೂಟ್‌ಕೇಸ್ ಎಳೆದುಕೊಂಡು ಓಡುವವರಿಗೆ ಕಟ್ಟಡ ಕಾಣುವುದಿಲ್ಲ. ಒಮ್ಮೆ ಊರಿಗೆ ಹೋಗುವ ಅವಸರವಿಲ್ಲದ ದಿನ ಬನ್ನಿ. ಮುಂಭಾಗದ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿ. 1916ರಲ್ಲಿ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಎದ್ದ ಕಟ್ಟಡ ಇದು. ನಡುವೆ ಗುಮ್ಮಟ, ಅಕ್ಕಪಕ್ಕದಲ್ಲಿ ಮತ್ತೆ ಗುಮ್ಮಟ, ಅವುಗಳಿಗೆ ಹೊಂದಿಕೊಂಡ ಮಿನಾರುಗಳು. ನಿಜಾಮರ ರೈಲ್ವೆಗೆ ಇದು ಮುಖ್ಯ ಠಾಣೆಯಾಗಿತ್ತು. ಪರದೆ ಪಾಲಿಸುವ ಹೆಣ್ಣುಮಕ್ಕಳು ರೈಲು ಹತ್ತಲು ಪ್ರತ್ಯೇಕ ವ್ಯವಸ್ಥೆಯೂ ಇತ್ತು. ನಿಲ್ದಾಣದ ಮಾದರಿ ಕಟ್ಟುವವನು ಇಂಥ ಸಂಗತಿಗಳನ್ನು ತಿಳಿದಿರಬೇಕು. ಗೋಡೆ ಎಲ್ಲಿ ಏಕೆ ಇದೆ ಎಂದು ಗೊತ್ತಿದ್ದರೆ ಮಾತ್ರ ರಟ್ಟಿನಲ್ಲಿ ಕತ್ತರಿಸಿದ ಗೋಡೆಗೂ ಅರ್ಥ ಬರುತ್ತದೆ.

ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು ಒಳಗೆ ಹೋಗಿ, ಜನ ತೆಳುವಾಗುವ ಪ್ಲಾಟ್‌ಫಾರ್ಮಿನ ತುದಿಯತ್ತ ನಡೆಯಿರಿ. ಅಂಚಿನಿಂದ ಹಿಂದೆಯೇ ನಿಂತು ಹಳಿಯನ್ನು ನೋಡಿ. ಚಕ್ರ ಉಜ್ಜುವ ಮೇಲ್ಮೈ ಮಾತ್ರ ಹೊಳೆಯುತ್ತದೆ. ಪಕ್ಕಗಳು ತುಕ್ಕು, ಎಣ್ಣೆ, ಬ್ರೇಕಿನ ಧೂಳು ಸೇರಿದ ಒಂದು ಕಂದು ಬಣ್ಣ. ಕಾಂಕ್ರೀಟ್ ಸ್ಲೀಪರುಗಳು ಸುಮಾರು 60 ಸೆಂ.ಮೀ.ಗೆ ಒಂದರಂತೆ ಕೂತಿವೆ. ರೈಲು ನಿಲ್ಲುವ ಜಾಗದಲ್ಲಿ ಜಲ್ಲಿ ಕಪ್ಪಗಿದೆ, ಆಚೆ ಬೂದು ಬಣ್ಣ. ಆ ಜಲ್ಲಿಕಲ್ಲಿನ ಅಳತೆ ಹೆಚ್ಚೆಂದರೆ 65 ಮಿ.ಮೀ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಸ್ಕೇಲಿನಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. ಅಂದರೆ ಅಲ್ಲಿನ ಜಲ್ಲಿ ಒಂದು ಮಿ.ಮೀ.ಗಿಂತಲೂ ಚಿಕ್ಕದಾಗಿರಬೇಕು, ಜರಡಿ ಹಿಡಿದ ಮರಳಿನಂತೆ. ಮಾದರಿ ಹಳಿಯ ಮೇಲೆ ಬಟಾಣಿಯಷ್ಟು ಕಲ್ಲು ಸುರಿದಿದ್ದರೆ, ಕಟ್ಟಿದವರು ಪ್ಲಾಟ್‌ಫಾರ್ಮಿನ ತುದಿಗೆ ಬಂದು ನಿಂತಿಲ್ಲ ಎಂದೇ ತಿಳಿಯಬಹುದು.

ಮೂರು ಅಳತೆಯ ಹಳಿ

ಈ ಊರಿನ ರೈಲಿನ ಕಥೆ ಶುರುವಾಗುವುದು ನಮ್ಮ ಕಲಬುರಗಿ ಜಿಲ್ಲೆಯ ವಾಡಿಯಲ್ಲಿ. ಮುಂಬಯಿ ಮತ್ತು ಮದ್ರಾಸಿನ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ದಾರಿಯ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಣದಲ್ಲಿ ಬ್ರಾಡ್‌ಗೇಜ್ ಹಳಿ ಬಂದು ತಲುಪಿದ್ದು 1874ರಲ್ಲಿ. ಶತಮಾನ ತಿರುಗುವ ಹೊತ್ತಿಗೆ ಗೋದಾವರಿ ಕಣಿವೆಯ ಮೂಲಕ ಮನ್ಮಾಡಿಗೆ ಮೀಟರ್‌ಗೇಜ್ ಹಳಿ ಹಾಕಿದರು. ಕಾಚಿಗೂಡದ ಮೂಲಕ ಮೆಹಬೂಬನಗರ, ಕರ್ನೂಲಿನ ಕಡೆ ಹೋದದ್ದೂ ಮೀಟರ್‌ಗೇಜೇ. ಗೇಜ್ ಪರಿವರ್ತನೆಯ ನಂತರ ಅದೆಲ್ಲ ಬ್ರಾಡ್‌ಗೇಜ್ ಆಯಿತು. 2017ರ ನವೆಂಬರಿನಲ್ಲಿ ಓಡಲು ತೊಡಗಿದ ಮೆಟ್ರೊ ಮೂರನೆಯ ಅಳತೆಯನ್ನು ತಂದಿತು, 1,435 ಮಿ.ಮೀ.ನ ಸ್ಟ್ಯಾಂಡರ್ಡ್ ಗೇಜ್.

ಹವ್ಯಾಸಿಗೆ ಈ ಅಳತೆಗಳೇ ಪ್ರಾಣ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿ.ಮೀ. ಅದು ಯುರೋಪು, ಅಮೆರಿಕದ ಸ್ಟ್ಯಾಂಡರ್ಡ್ ಗೇಜಿಗೆ ಸರಿಯಾಗಿ ಮಾಡಿದ್ದು. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ.; ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಆಗಬೇಕು. ಅದೇ ಅಳತೆಯಲ್ಲಿ ನಮ್ಮ ಬೋಗಿಯ ಅಗಲ 37 ಮಿ.ಮೀ. ದಾಟುತ್ತದೆ. ಹಾಗಾಗಿ ನಮ್ಮ ನೀಲಿ ಬೋಗಿಯನ್ನು ಸಿದ್ಧ ಹಳಿಯ ಮೇಲೆ ನಿಲ್ಲಿಸಿದರೆ ಕೆಳಗೆ ಸಪೂರ, ಮೇಲೆ ದಪ್ಪ ಕಾಣುತ್ತದೆ. ಕೆಲವರು ಈ ವ್ಯತ್ಯಾಸವನ್ನು ಒಪ್ಪಿಕೊಂಡು ಮುಂದೆ ಹೋಗುತ್ತಾರೆ, ಅದರಲ್ಲಿ ತಪ್ಪಿಲ್ಲ. ಕೆಲವರು ಚಕ್ರದಿಂದ ಹಿಡಿದು ಎಲ್ಲವನ್ನೂ ಕೈಯಾರೆ ಅಗಲಿಸಿ ಕಟ್ಟುತ್ತಾರೆ. ಮೀಟರ್‌ಗೇಜ್ ಆದರೆ 11.5 ಮಿ.ಮೀ. ಬರುತ್ತದೆ, ಅದಕ್ಕೆ ಮಾರುಕಟ್ಟೆಯಲ್ಲಿ ಸಿಗುವ 12 ಮಿ.ಮೀ. ಹಳಿ ಚೆನ್ನಾಗಿ ಹೊಂದುತ್ತದೆ. ಇಡೀ ಹೈದರಾಬಾದಿನಲ್ಲಿ ಅಂಗಡಿಯ ಎಚ್‌ಒ ಹಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುವ ರೈಲು ಮೆಟ್ರೊ ಒಂದೇ. ಮೂರು ಬೋಗಿಯ ಆ ರೈಲು ಎಚ್‌ಒ ಅಳತೆಯಲ್ಲಿ ಸುಮಾರು ಮುಕ್ಕಾಲು ಮೀಟರ್. ಮನೆಯ ಮೇಜಿನ ಮೇಲೂ ಹಿಡಿಸುತ್ತದೆ. ಹೊಸದಾಗಿ ಶುರುಮಾಡುವವರಿಗೆ ನಾನು ಮೆಟ್ರೊವನ್ನೇ ಸೂಚಿಸುತ್ತೇನೆ.

ಕೋಟಿಯಿಂದ ನುಮಾಯಿಷ್‌ಗೆ

ಕಾಚಿಗೂಡದಿಂದ ಕೋಟಿ ಹೆಚ್ಚು ದೂರವಿಲ್ಲ. ಅಲ್ಲಿನ ಗುಜರಾತಿ ಗಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ. ಸಿಗ್ನಲ್ಲಿಗೆ ಬೇಕಾದ ಸಣ್ಣ ಎಲ್‌ಇಡಿ, ತೆಳು ತಂತಿ, ಸ್ವಿಚ್ಚು, ರಿಲೇ, ಟ್ರಾನ್ಸ್‌ಫಾರ್ಮರ್ ಎಂದು ಕೇಳುತ್ತ ಹೋದರೆ ಮಾದರಿ ರೈಲುಮಾರ್ಗದ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಭಾನುವಾರವಾದರೆ ಅಬಿಡ್ಸ್‌ನ ಬೀದಿಬದಿಯ ಹಳೆಯ ಪುಸ್ತಕಗಳ ಸಾಲನ್ನೂ ನೋಡಿಕೊಂಡು ಬನ್ನಿ. ಹಳೆಯ ರೈಲ್ವೆ ವೇಳಾಪಟ್ಟಿಯೊಂದು ಕೈಗೆ ಸಿಕ್ಕರೆ, ಯಾವ ಕಾಲದಲ್ಲಿ ಯಾವ ರೈಲು ಎಲ್ಲಿ ನಿಲ್ಲುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಬೇಡ.

ಕೋಟಿಯ ಉಸ್ಮಾನಿಯಾ ಮೆಡಿಕಲ್ ಕಾಲೇಜ್ ಮೆಟ್ರೊ ನಿಲ್ದಾಣದಲ್ಲಿ ಹತ್ತಿದರೆ ಮುಂದಿನದೇ ಗಾಂಧಿ ಭವನ. ಅಲ್ಲಿಳಿದರೆ ನಾಂಪಲ್ಲಿಯ ಪ್ರದರ್ಶನ ಮೈದಾನ ಹತ್ತಿರ. ಪ್ರತಿ ವರ್ಷ ಸಾಮಾನ್ಯವಾಗಿ ಜನವರಿ 1ರಿಂದ ಫೆಬ್ರವರಿ 15ರವರೆಗೆ ಇಲ್ಲಿ ನುಮಾಯಿಷ್ ಸೇರುತ್ತದೆ. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ಪಬ್ಲಿಕ್ ಗಾರ್ಡನ್‌ನಲ್ಲಿ ಆರಂಭಿಸಿದ ಈ ಕೈಗಾರಿಕಾ ಪ್ರದರ್ಶನ 1946ರಲ್ಲಿ ನಾಂಪಲ್ಲಿಗೆ ಬಂತು. ಮೈದಾನವನ್ನು ಸುತ್ತುವ ಮಕ್ಕಳ ರೈಲು ಇದರ ಬಹುದೊಡ್ಡ ಆಕರ್ಷಣೆ. ಹೈದರಾಬಾದಿನಲ್ಲಿ ಬೆಳೆದವರ ಬಾಲ್ಯದ ನೆನಪುಗಳಲ್ಲಿ ಅದಕ್ಕೊಂದು ಜಾಗವಿದೆ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಪುಟಾಣಿ ಎಕ್ಸ್‌ಪ್ರೆಸ್ ಇರುವ ಹಾಗೆ. ಆಟಿಕೆ ಅಂಗಡಿಗಳಲ್ಲಿ ಬ್ಯಾಟರಿಯ ರೈಲುಗಳು ಪ್ಲಾಸ್ಟಿಕ್ ಹಳಿಯ ಮೇಲೆ ಗಿರಗಿರನೆ ತಿರುಗುತ್ತಿರುತ್ತವೆ.

ಮಕ್ಕಳನ್ನು ಕರೆದುಕೊಂಡು ನುಮಾಯಿಷ್‌ಗೆ ಖಂಡಿತ ಹೋಗಿ. ರೈಲಿನ ಪ್ರೀತಿ ಹುಟ್ಟುವುದು ಅಲ್ಲಿಯೇ. ಆದರೆ ಹವ್ಯಾಸಿಗೆ ಬೇಕಾದದ್ದು ಇನ್ನೂ ಒಂದು ಹೆಜ್ಜೆ ಮುಂದಿದೆ. ಆಟಿಕೆಯ ರೈಲು ಓಡಿದರೆ ಸಾಕು. ಮಾದರಿ ರೈಲು ಎಲ್ಲಿಂದ, ಯಾವ ಕಾಲದಲ್ಲಿ, ಏತಕ್ಕಾಗಿ ಓಡುತ್ತಿದೆ ಎಂದು ಹೇಳಬೇಕು.

ಕೋತ್ರೂಡಿನ ಪುಟ್ಟ ನಗರ

ಅಂಥದ್ದೊಂದನ್ನು ನೋಡಬೇಕಾದರೆ ಹೈದರಾಬಾದಿನವರಿಗೆ ಪುಣೆಯ ಪ್ರಯಾಣ ತಕ್ಕದ್ದು. ಸಿಕಂದರಾಬಾದಿನಿಂದ ಮಧ್ಯಾಹ್ನ ಹೊರಡುವ ಶತಾಬ್ದಿ ತಾಂಡೂರು, ವಾಡಿ, ಕಲಬುರಗಿ, ಸೊಲ್ಲಾಪುರದ ದಾರಿಯಲ್ಲಿ ರಾತ್ರಿ ಪುಣೆ ಮುಟ್ಟುತ್ತದೆ. ವಾಡಿಯವರೆಗೆ ನೀವು ಸಾಗುವುದು 1874ರ ಅದೇ ದಾರಿಯಲ್ಲಿ. ಕಿಟಕಿಯ ಪಕ್ಕ ಜಾಗ ಸಿಕ್ಕರೆ ಬಿಡಬೇಡಿ. ತಾಂಡೂರು, ಶಹಾಬಾದಿನ ಕಡೆಯ ಚಪ್ಪಡಿ ಕಲ್ಲಿನ ರಾಶಿಗಳು, ಸಿಮೆಂಟ್ ಕಾರ್ಖಾನೆಗಳಿಗೆ ತಿರುಗುವ ಹಳಿಗಳು, ವಾಡಿಯ ಗೂಡ್ಸ್ ಬೋಗಿಗಳ ಸಾಲು ಒಂದಾದ ಮೇಲೊಂದು ಬರುತ್ತವೆ. ಇವುಗಳಲ್ಲಿ ಯಾವುದನ್ನಾದರೂ ಮಾದರಿಯಾಗಿ ಕಟ್ಟಬಹುದು.

ಪುಣೆಯ ಕೋತ್ರೂಡಿನಲ್ಲಿ, ಜಿ.ಎ. ಕುಲಕರ್ಣಿ ರಸ್ತೆಯಲ್ಲಿ ಜೋಶಿ ಕಿರುರೈಲು ಸಂಗ್ರಹಾಲಯವಿದೆ. ಧಾರವಾಡದಲ್ಲಿ ಮೇಷ್ಟರಾಗಿದ್ದುಕೊಂಡು ಮರಾಠಿಯ ದೊಡ್ಡ ಕತೆಗಾರರಾದ ಜಿ.ಎ. ಅವರ ಹೆಸರಿನ ರಸ್ತೆ ಎಂಬುದು ಕನ್ನಡಿಗರಿಗೆ ಇನ್ನೊಂದು ನಂಟು. ಭಾವು ಜೋಶಿ ಎಂದು ಹೆಸರಾಗಿದ್ದ ಬಿ.ಎಸ್. ಜೋಶಿಯವರು ಜೀವನವಿಡೀ ಬೆಳೆಸಿದ ಹವ್ಯಾಸ 1998ರ ಏಪ್ರಿಲ್ 1ರಂದು ಸಾರ್ವಜನಿಕರಿಗೆ ತೆರೆಯಿತು. ಒಳಗೆ ಇಡೀ ನಗರವೇ ಇದೆ. ಮೇಲ್ಸೇತುವೆ, ಬೀದಿದೀಪ, ಸರ್ಕಸ್, ಈಜುಕೊಳ, ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಬಯಲು ಚಿತ್ರಮಂದಿರ, ಇವುಗಳ ನಡುವೆ ಹಬೆ ಇಂಜಿನ್ನಿನ ಗಾಡಿಯೂ ಅತಿವೇಗದ ರೈಲೂ ಓಡುತ್ತವೆ. ಸಿಗ್ನಲ್ಲುಗಳೇ ಹತ್ತಾರು.

ಇಲ್ಲಿ ಮೊದಲ ಸುತ್ತು ಸುಮ್ಮನೆ ಖುಷಿಗಾಗಿ ನೋಡಿ. ಎರಡನೆಯ ಸಲ ಒಂದೇ ರೈಲನ್ನು ಹಿಡಿದು ಹಿಂಬಾಲಿಸಿ. ಅದು ಹೊರಡುವಾಗ ಜಿಗಿಯುತ್ತದೆಯೇ, ನಿಧಾನವಾಗಿ ವೇಗ ಪಡೆಯುತ್ತದೆಯೇ? ಸಿಗ್ನಲ್ ಹಸಿರಾದ ಮೇಲೆ ಚಲಿಸಿತೇ? ತಿರುವಿನಲ್ಲಿ ಬೋಗಿಯ ಮೂಲೆ ಎಷ್ಟು ಹೊರಗೆ ಚಾಚಿತು? ನೂರು ಸಂಗತಿಗಳು ಒಟ್ಟಿಗೆ ಕಣ್ಣಿಗೆ ಬೀಳುವ ಜಾಗದಲ್ಲಿ ಒಂದನ್ನೇ ನೋಡುವ ಶಿಸ್ತು ಇಟ್ಟುಕೊಂಡವರು ಮನೆಗೆ ಏನನ್ನಾದರೂ ಕಲಿತುಕೊಂಡು ಹೋಗುತ್ತಾರೆ.

ಪ್ರದರ್ಶನವನ್ನು ಅಳೆಯುವುದು ಹೇಗೆ?

ನನ್ನ ಮೊದಲ ಪರೀಕ್ಷೆ ವೇಗದ್ದು. ಗಂಟೆಗೆ 60 ಕಿ.ಮೀ. ಓಡುವ ರೈಲು ಎಚ್‌ಒ ಅಳತೆಯಲ್ಲಿ ಒಂದು ಮೀಟರ್ ಹಳಿಯನ್ನು ದಾಟಲು ಸುಮಾರು ಐದು ಸೆಕೆಂಡ್ ತೆಗೆದುಕೊಳ್ಳಬೇಕು. ಗಡಿಯಾರ ಹಿಡಿದು ನೋಡಿ. ಅವಸರದ ಪ್ರದರ್ಶನಗಳಲ್ಲಿ ಸಾದಾ ಪ್ಯಾಸೆಂಜರ್ ಗಾಡಿಯೂ ವಿಮಾನದ ವೇಗಕ್ಕೆ ಹತ್ತಿರ ಬಂದಿರುತ್ತದೆ.

ಎರಡನೆಯದು ತಿರುವು. ನಮ್ಮ ಬ್ರಾಡ್‌ಗೇಜಿನ ಅತಿ ಬಿಗಿಯಾದ ತಿರುವಿಗೂ 175 ಮೀಟರ್ ತ್ರಿಜ್ಯ ಬೇಕು. ಅದನ್ನು ಕಿರಿದಾಗಿಸಿದರೂ ಎರಡು ಮೀಟರ್. ಅಷ್ಟು ಜಾಗ ಯಾರ ಮನೆಯಲ್ಲಿದೆ? ಆದ್ದರಿಂದ ಎಲ್ಲರೂ ತಿರುವನ್ನು ಬಿಗಿಯುತ್ತಾರೆ. ಒಳ್ಳೆಯ ಕೆಲಸಗಾರರು ಆ ಬಿಗಿ ತಿರುವನ್ನು ಗುಡ್ಡದ, ಕಟ್ಟಡದ ಹಿಂದೆ ಮರೆಮಾಡಿ, ನೇರ ಹಳಿಯನ್ನು ಮುಂದಕ್ಕೆ ತರುತ್ತಾರೆ. ಉದ್ದದ ವಿಚಾರವೂ ಹಾಗೆಯೇ. 384 ಮೀಟರಿನ ಹದಿನಾರು ಬೋಗಿಯ ವಂದೇ ಭಾರತ್ ಎಚ್‌ಒನಲ್ಲಿ 4.4 ಮೀಟರ್ ಆಗುತ್ತದೆ; 160ರಲ್ಲಿ ಒಂದು ಪಾಲಿನ ಎನ್ ಸ್ಕೇಲಿನಲ್ಲೂ 2.4 ಮೀಟರ್. ಹಾಗಾಗಿ ರೈಲಿನಲ್ಲಿ ಎಷ್ಟು ಬೋಗಿ ಬಿಡಬೇಕು, ನಿಲ್ದಾಣದಲ್ಲಿ ಗುಮ್ಮಟ ಎಷ್ಟಿರಬೇಕು ಎಂದು ತೂಗಿ ನೋಡಬೇಕಾಗುತ್ತದೆ. ಕಟ್ಟಿದವನ ವಿವೇಕ ಕಾಣುವುದು ಅಲ್ಲಿ.

ಮೂರನೆಯದು ಮಾತು. ಹಗ್ಗದಾಚೆ ನಿಲ್ಲಿಸಿ ಮುಂದಕ್ಕೆ ದೂಡುವ ಪ್ರದರ್ಶನಕ್ಕಿಂತ, ಒಂದೇ ಮೇಜಿನಷ್ಟು ಕೆಲಸವಿದ್ದರೂ ಪಕ್ಕದಲ್ಲಿ ನಿಂತು ಕೆಳಗಿನ ತಂತಿಗಳನ್ನು ತೋರಿಸುವವರಿರುವ ಪ್ರದರ್ಶನ ಮೇಲು. ಲಂಡನ್ನಿನ ಮಾಡೆಲ್ ರೈಲ್ವೆ ಕ್ಲಬ್ 1910ರಷ್ಟು ಹಳೆಯದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ವೆಸ್ಟ್ ಸ್ಪ್ರಿಂಗ್‌ಫೀಲ್ಡಿನಲ್ಲಿ ಆ್ಯಮ್‌ಹರ್ಸ್ಟ್ ರೈಲ್ವೆ ಸೊಸೈಟಿ ಪ್ರತಿ ಜನವರಿಯಲ್ಲಿ ದೊಡ್ಡ ಪ್ರದರ್ಶನ ಏರ್ಪಡಿಸುತ್ತದೆ. ಆ ಕಡೆ ಇರುವ ಕನ್ನಡ ಕುಟುಂಬಗಳು ಮಕ್ಕಳೊಂದಿಗೆ ಒಮ್ಮೆ ಹೋಗಿ ಬರಬೇಕು. ಇಂಥ ಕಡೆ ಹವ್ಯಾಸಿಗಳು ಒಂದೇ ಅಳತೆಗೆ ಒಪ್ಪಿಕೊಂಡು ತಮ್ಮ ತಮ್ಮ ಮನೆಯಲ್ಲಿ ಕಟ್ಟಿದ ತುಂಡುಗಳನ್ನು ತಂದು ಜೋಡಿಸುತ್ತಾರೆ. ಒಬ್ಬನ ಸೇತುವೆ, ಇನ್ನೊಬ್ಬಳ ಊರು, ಮತ್ತೊಬ್ಬರ ಸುರಂಗ ಸೇರಿ ಒಂದು ರೈಲುಮಾರ್ಗವಾಗುತ್ತದೆ.

ನಮ್ಮ ಭಾಗದಲ್ಲಿ ಪ್ರದರ್ಶನ ಹುಡುಕುವವರು ಒಂದೆರಡು ತಾರೀಕು ಗುರುತು ಹಾಕಿಕೊಳ್ಳಬೇಕು. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿದ್ದು ಏಪ್ರಿಲ್ 16ರಂದು. ಏಪ್ರಿಲ್ 18 ವಿಶ್ವ ಪರಂಪರೆಯ ದಿನ. ಆ ವಾರ ರೈಲ್ವೆಯ ಸಂಗ್ರಹಾಲಯಗಳತ್ತ ಕಣ್ಣಿಟ್ಟಿರಿ. ಮೀಟರ್‌ಗೇಜಿನ ಇಂಜಿನ್, ಬೋಗಿಗಳನ್ನು ಹತ್ತಿರದಿಂದ ಅಳೆಯಬೇಕೆಂದರೆ 1979ರಲ್ಲಿ ತೆರೆದ ಮೈಸೂರಿನ ರೈಲು ಸಂಗ್ರಹಾಲಯವಿದೆ. ಕಾಚಿಗೂಡದಲ್ಲಿ ರಾತ್ರಿ ರೈಲು ಹತ್ತಿದರೆ ಸಾಕು. ಹುಬ್ಬಳ್ಳಿಯಲ್ಲೂ 2020ರಿಂದ ಒಂದು ಸಂಗ್ರಹಾಲಯವಿದೆ. ಅಳತೆಪಟ್ಟಿ, ಪುಸ್ತಕ, ಪೆನ್ಸಿಲ್ ಜೊತೆಗಿರಲಿ.

ಇಷ್ಟೆಲ್ಲ ತಿರುಗಿದ ಮೇಲೆ ನನಗೆ ಗಟ್ಟಿಯಾಗಿ ಅನಿಸುವುದು ಒಂದೇ. ಸಿದ್ಧವಾಗಿ ಸಿಗುವ ಮಾದರಿಗಳು ಜರ್ಮನಿಯವು, ಇಂಗ್ಲೆಂಡಿನವು, ಅಮೆರಿಕದವು. ಹಾಗಾಗಿ ನಮ್ಮ ಮೇಜುಗಳ ಮೇಲೂ ಆಲ್ಪ್ಸ್ ಪರ್ವತಗಳೇ ಏಳುತ್ತವೆ. ದಖ್ಖನಿನ ರೈಲಿಗೆ ಗುಮ್ಮಟದ ನಿಲ್ದಾಣವಿದೆ, ಬಂಡೆಗಳ ನಡುವೆ ಕೊರೆದ ದಾರಿಯಿದೆ, ಶಹಾಬಾದಿ ಕಲ್ಲಿನ ರಾಶಿಯಿದೆ, ಮೂರು ಗೇಜಿನ ಇತಿಹಾಸವಿದೆ. ಇದನ್ನು ಬೇರೆ ಯಾರೋ ಕಟ್ಟಿಕೊಡುವುದಿಲ್ಲ. ಹೈದರಾಬಾದಿನಲ್ಲೋ ಕಲಬುರಗಿಯಲ್ಲೋ ಇಬ್ಬರು ಮೂವರು ಸ್ನೇಹಿತರು ಸೇರಿ, ಹಳಿಯ ಎತ್ತರ, ತುದಿಯ ಜೋಡಣೆ, ವಿದ್ಯುತ್ ಸಂಪರ್ಕ ಈ ಮೂರಕ್ಕೆ ಒಂದು ಅಳತೆ ಗೊತ್ತುಮಾಡಿಕೊಂಡು, ತಲಾ ಒಂದು ಮೀಟರ್ ಉದ್ದದ ಹಲಗೆಯ ಮೇಲೆ ಕೆಲಸ ಶುರುಮಾಡಲಿ. ಒಬ್ಬರು ವಾಡಿ ಕಟ್ಟಲಿ, ಇನ್ನೊಬ್ಬರು ತಾಂಡೂರು, ಮತ್ತೊಬ್ಬರು ಸಿಕಂದರಾಬಾದು. ಆ ಹಲಗೆಗಳನ್ನು ಒಂದು ಶಾಲೆಯ ಸಭಾಂಗಣದಲ್ಲಿ ಜೋಡಿಸಿದ ದಿನ, ದೂರದಿಂದ ಹೋಗಿ ನೋಡಲು ತಕ್ಕ ಪ್ರದರ್ಶನವೊಂದು ನಮ್ಮಲ್ಲೂ ಆಗಿರುತ್ತದೆ.